ಎರಡು ಪುಟ್ಟ ಮಕ್ಕಳು, 15,000 ರೂಪಾಯಿ, ಮೂರು ದಿನ ಮೈಸೂರು

ಪ್ರಶ್ನೆ: ಮೇಡಂ, ನಾವು ದಾವಣಗೆರೆಯವರು. ಮಗಳಿಗೆ ಐದೂವರೆ ವರ್ಷ, ಮಗನಿಗೆ ಎರಡು. ದಸರಾ ರಜೆಯಲ್ಲಿ ಮೂರು ದಿನ ಮೈಸೂರಿಗೆ ಹೋಗೋಣ ಅಂತ ಇದ್ದೇವೆ. ನಮ್ಮ ಅತ್ತೆಯೂ ಬರುತ್ತಾರೆ. ಅವರಿಗೆ ಚಾಮುಂಡಿ ದರ್ಶನ ಆಗಬೇಕು, ಮಗಳಿಗೆ ಆನೆ ನೋಡಬೇಕು. ನಮ್ಮ ಯಜಮಾನರು 14 ಜಾಗದ ಪಟ್ಟಿ ಮಾಡಿದ್ದಾರೆ, ಅದರಲ್ಲಿ ಊಟಿಯೂ ಇದೆ. ಕೈಯಲ್ಲಿರುವುದು 15,000 ರೂಪಾಯಿ. ಇಷ್ಟರಲ್ಲಿ ಆಗುತ್ತಾ? ಜಂಬೂ ಸವಾರಿಯನ್ನೂ ನೋಡಬಹುದಾ?

ಉತ್ತರ: ಆಗುತ್ತೆ. ಆದರೆ ಜಂಬೂ ಸವಾರಿ ಬೇಡ, ಊಟಿ ಬೇಡ, ಪಟ್ಟಿಯಲ್ಲಿ ಐದಾರು ಜಾಗ ಉಳಿದರೆ ಸಾಕು. ನಿಮ್ಮ ಯಜಮಾನರಿಗೆ ಬೇಜಾರಾಗಬಹುದು. ಮೈಸೂರಿನ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ನಾನು 22 ವರ್ಷ ಕೂತು ಇಂಥ ಪಟ್ಟಿಗಳನ್ನೇ ನೋಡಿದ್ದೇನೆ. ಸಾಮಾನ್ಯವಾಗಿ ಪಟ್ಟಿ ಮಾಡುವುದು ಅಪ್ಪ, ಮಗುವನ್ನು ಎತ್ತಿಕೊಂಡು ನಡೆಯುವುದು ಅಮ್ಮ. ಅದಕ್ಕೇ ಪಟ್ಟಿ ಉದ್ದ ಇರುತ್ತೆ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಮೈಸೂರಿನಲ್ಲಿ ಟಿಕೆಟ್‌ಗಳಿಗೆ ದುಡ್ಡು ಜಾಸ್ತಿ ಹೋಗುವುದಿಲ್ಲ. ಅರಮನೆ, ಮೃಗಾಲಯ, ರೈಲ್ವೆ ಮ್ಯೂಸಿಯಂ, ಎಲ್ಲ ಸೇರಿಸಿದರೂ ನಿಮ್ಮ ಬಜೆಟ್ಟಿನ ಎಂಟರಲ್ಲಿ ಒಂದು ಪಾಲು ಅಷ್ಟೆ. ದುಡ್ಡು ಸೋರುವುದು ಸುಸ್ತಾದಾಗ. ಮಧ್ಯಾಹ್ನ ಒಂದು ಗಂಟೆ, ಬಿಸಿಲು, ಮಗ ಅಳುತ್ತಿದ್ದಾನೆ, ಮಗಳಿಗೆ ಹಸಿವು, ಅತ್ತೆಗೆ ಮಂಡಿ ನೋವು. ಆಗ ಎದುರಿಗೆ ಬಂದ ಆಟೋದವರು ಕೇಳಿದ್ದಷ್ಟು ಕೊಡುತ್ತೀರಿ. ಮೊದಲು ಕಂಡ ಎಸಿ ಹೋಟೆಲಿಗೆ ನುಗ್ಗುತ್ತೀರಿ. ಮಗ ಸುಮ್ಮನಾಗಲಿ ಅಂತ ಮಿಣಿಮಿಣಿ ಲೈಟಿನ ಆಟಿಕೆ ಕೊಡಿಸುತ್ತೀರಿ. ಅದು ರಾತ್ರಿಯೊಳಗೆ ಮುರಿದಿರುತ್ತೆ. ಒಂದು ಮಧ್ಯಾಹ್ನದಲ್ಲಿ ಸಾವಿರ ರೂಪಾಯಿ ಹೋಗಿದ್ದು ಗೊತ್ತೇ ಆಗುವುದಿಲ್ಲ. ಹಾಗಾಗಿ ನಾನು ಬಜೆಟ್ ಹಾಕುವಾಗ ಮಗುವಿನ ನಿದ್ದೆಯಿಂದ ಶುರು ಮಾಡುತ್ತೇನೆ. ನಿಮ್ಮ ಮಗ ಮನೆಯಲ್ಲಿ ಎಷ್ಟು ಹೊತ್ತಿಗೆ ಮಲಗುತ್ತಾನೋ ಆ ಹೊತ್ತಿಗೆ ನೀವು ರೂಮಿನಲ್ಲಿ ಇರಬೇಕು. ಉಳಿದದ್ದೆಲ್ಲ ಅದರ ಸುತ್ತ ಕೂರಿಸೋಣ.

ಈಗ ಜಂಬೂ ಸವಾರಿ. ಬೇಡ ಅಂತ ಸುಮ್ನೆ ಹೇಳುತ್ತಿಲ್ಲ. ಮೆರವಣಿಗೆ ಹೊರಡುವುದು ಮಧ್ಯಾಹ್ನದ ಮೇಲೆ. ಆದರೆ ಸಯ್ಯಾಜಿರಾವ್ ರಸ್ತೆಯಲ್ಲಿ ಜನ ಬೆಳಗ್ಗೆಯಿಂದಲೇ ಜಾಗ ಹಿಡಿದು ಕೂರುತ್ತಾರೆ. ಒಮ್ಮೆ ಕೂತರೆ ಎದ್ದು ಹೋಗಿ ಬರುವ ಮಾತೇ ಇಲ್ಲ, ಶೌಚಾಲಯಕ್ಕೂ. ಎರಡು ವರ್ಷದ ಮಗುವನ್ನು ಐದಾರು ಗಂಟೆ ಅಲ್ಲಿ ಹಿಡಿದು ಕೂರಿಸಲು ಆಗುತ್ತಾ? ರಸ್ತೆ ಬಂದ್ ಮಾಡಿರುವುದರಿಂದ ಆಟೋವೂ ಹತ್ತಿರಕ್ಕೆ ಬರುವುದಿಲ್ಲ. ಲಾಡ್ಜ್‌ಗಳು ಆ ವಾರ ಎರಡು ಪಟ್ಟು, ಮೂರು ಪಟ್ಟು ಕೇಳುತ್ತವೆ. ನಿಮ್ಮ 15,000 ರೂಮಿಗೇ ಮುಗಿಯುತ್ತೆ. ನಾನು ಈ ಊರಿನವಳೇ, ನನ್ನ ಮಕ್ಕಳು ಸಣ್ಣವರಿದ್ದಾಗ ನಾವೂ ಟಿವಿಯಲ್ಲೇ ನೋಡಿದ್ದು. 750 ಕಿಲೋ ಅಂಬಾರಿ ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ.

ವಿಜಯದಶಮಿ ಮುಗಿದು ಎರಡು ಮೂರು ದಿನ ಬಿಟ್ಟು ಬನ್ನಿ. ರಜೆ ಇನ್ನೂ ಉಳಿದಿರುತ್ತಲ್ವಾ? ಹೊರಗಿನ ಜನ ಖಾಲಿಯಾಗಿರುತ್ತಾರೆ, ರೂಮಿನ ದರ ಇಳಿದಿರುತ್ತೆ. ಈಚಿನ ವರ್ಷಗಳಲ್ಲಿ ದಸರಾ ಮುಗಿದ ಮೇಲೂ ಕೆಲವು ದಿನ ರಸ್ತೆಗಳ ದೀಪಾಲಂಕಾರ ಹಾಗೇ ಇಡುತ್ತಿದ್ದಾರೆ. ಜಾತ್ರೆಯ ಕಳೆ ಪೂರ್ತಿ ಹೋಗಿರುವುದಿಲ್ಲ.

ಇನ್ನೊಂದು ಮಾತು, ಮುಂದಿನ ವರ್ಷಕ್ಕೆ ನೆನಪಿಟ್ಟುಕೊಳ್ಳಿ. ದಸರಾ ಆನೆಗಳು ಹಬ್ಬಕ್ಕೆ ಎಷ್ಟೋ ವಾರ ಮೊದಲೇ ಕಾಡಿನಿಂದ ಬಂದು ಅರಮನೆ ಆವರಣದಲ್ಲಿ ಬೀಡುಬಿಡುತ್ತವೆ. ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು 5 ಕಿ.ಮೀ., ಅವಕ್ಕೆ ನಡಿಗೆಯ ತಾಲೀಮು ಇರುತ್ತೆ. ಬೆಳಗ್ಗೆ ರಸ್ತೆ ಬದಿಯಲ್ಲಿ ನಿಂತರೆ ಸಾಕು, ಸಾಲಾಗಿ ಆನೆಗಳು ಪಕ್ಕದಲ್ಲೇ ಹಾದುಹೋಗುತ್ತವೆ. ಟಿಕೆಟ್ ಇಲ್ಲ, ನೂಕುನುಗ್ಗಲೂ ಇಲ್ಲ. ಆನೆ ಹುಚ್ಚಿರುವ ಮಗುವಿಗೆ ಅದಕ್ಕಿಂತ ಒಳ್ಳೇದು ಇನ್ನೇನಿದೆ? ನಮ್ಮ ಬೀದಿಯ ಮಕ್ಕಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಹೋಗಿ ನೋಡಿ ಬರುತ್ತಿದ್ದರು.

ಸರಿ, ಹೊರಡುವುದು ಹೇಗೆ? ಗುರುವಾರ ರಾತ್ರಿ ರೈಲು ಹತ್ತಿ, ಭಾನುವಾರ ರಾತ್ರಿ ವಾಪಸ್. ಅರಸೀಕೆರೆ, ಹಾಸನದ ಮೇಲೆ ಮೈಸೂರಿಗೆ ಬರುವ ರಾತ್ರಿ ರೈಲನ್ನೇ ನೋಡಿ. ನಿಮ್ಮಲ್ಲಿ ಹತ್ತುವ ಹೊತ್ತು ತಡ ಅನ್ನಿಸಬಹುದು, ಮಕ್ಕಳನ್ನು ಮನೆಯಲ್ಲೇ ಮಲಗಿಸಿ ಹಾಗೇ ಎತ್ತಿಕೊಂಡು ಬನ್ನಿ. ಸ್ಲೀಪರ್ ಸಾಕು. ಐದು ವರ್ಷದೊಳಗಿನ ಮಗನಿಗೆ ಬರ್ತ್ ತೆಗೆದುಕೊಳ್ಳದಿದ್ದರೆ ಟಿಕೆಟ್ ಬೇಡ. ಮಗಳಿಗೆ ಐದು ದಾಟಿದೆ, ಹಾಗಾಗಿ ಎರಡು ದಾರಿ ಇದೆ. ಬರ್ತ್ ಬೇಕು ಅಂದರೆ ಪೂರ್ತಿ ದರ, ಬೇಡ ಅಂದರೆ ಅರ್ಧ. ಇಲ್ಲಿ ಉಳಿಸಲು ಹೋಗಬೇಡಿ, ಬರ್ತ್ ತೆಗೆದುಕೊಳ್ಳಿ. ಅವಳ ಜೊತೆ ಒಂದೇ ಬರ್ತ್‌ನಲ್ಲಿ ಮಲಗಿ ಎದ್ದರೆ ಮೊದಲ ದಿನ ನಿಮ್ಮ ಸೊಂಟದ ಕಥೆ ಮುಗಿದಂತೆ. ಬುಕಿಂಗ್ 60 ದಿನ ಮೊದಲು ತೆರೆಯುತ್ತೆ. ದಸರಾ ರಜೆಗೆ ಅದೇ ದಿನ ಕೂತು ಮಾಡಿಬಿಡಿ. ಹಿರಿಯರಿಗಿದ್ದ ರಿಯಾಯಿತಿ 2020ರಲ್ಲೇ ನಿಂತುಹೋಯಿತು. ಆದರೂ ಅತ್ತೆಯ ವಯಸ್ಸನ್ನು ಸರಿಯಾಗಿ ತುಂಬಿಸಿ, ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಜಾಸ್ತಿ. ಹೋಗಿ ಬರಲು ನಾಲ್ಕು ಟಿಕೆಟ್‌ಗೆ 1,900 ರೂಪಾಯಿ ತೆಗೆದಿಡಿ.

ಬಸ್ಸೇ ಅನುಕೂಲ ಅನ್ನಿಸಿದರೆ ಇನ್ನೂ ಉಳಿಯುತ್ತೆ. ಶಕ್ತಿ ಯೋಜನೆಯಲ್ಲಿ ನಿಮಗೂ ಅತ್ತೆಗೂ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ, ಮಗಳಿಗೆ ಆರು ವರ್ಷ ಆಗಿಲ್ಲವಾದ್ದರಿಂದ ಅವಳಿಗೂ ಟಿಕೆಟ್ ಇಲ್ಲ. ಯಜಮಾನರೊಬ್ಬರದೇ ಖರ್ಚು. ರಾಜಹಂಸ, ಎಸಿ ಬಸ್ಸುಗಳಿಗೆ ಶಕ್ತಿ ನಡೆಯುವುದಿಲ್ಲ. ಎರಡು ವರ್ಷದ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಷ್ಟು ದೂರ ಕೆಂಪು ಬಸ್ಸಿನಲ್ಲಿ ಬರುವ ಧೈರ್ಯ ನನಗಂತೂ ಇಲ್ಲ. ಮೈಸೂರಿನ ಒಳಗೆ ಸಿಟಿ ಬಸ್ಸಿಗೆ ಮಾತ್ರ ಶಕ್ತಿಯನ್ನು ಚೆನ್ನಾಗಿ ಬಳಸಿ. ಗುರುತಿನ ಚೀಟಿ ಮರೆಯಬೇಡಿ. ಅತ್ತೆಯ ಆಧಾರ್ ಬೀರುವಿನಲ್ಲಿ ಭದ್ರವಾಗಿ ಕೂತಿರುತ್ತೆ, ಹೊರಡುವ ಹಿಂದಿನ ದಿನವೇ ತೆಗೆದಿಡಿ.

ರೂಮಿನ ವಿಷಯದಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲರೂ ಎಡವುವುದು ಇಲ್ಲೇ. ಊರಾಚೆ ರಿಂಗ್ ರೋಡ್ ಹತ್ತಿರ 1,200ಕ್ಕೆ ಚೆಂದದ ರೂಮು ಸಿಗುತ್ತೆ, ಫೋಟೋದಲ್ಲಿ ಬಿಳಿ ಹಾಸಿಗೆ, ದೊಡ್ಡ ಕಿಟಕಿ. ಆದರೆ ಅಲ್ಲಿಂದ ದಿನಕ್ಕೆ ನಾಲ್ಕು ಸಲ ಆಟೋ. ಮಧ್ಯಾಹ್ನ ಮಲಗಲು ಹೋಗಿ ಬರುವುದೇ ದೊಡ್ಡ ಪ್ರಯಾಣ ಅನ್ನಿಸಿ, ಹೋಗುವುದನ್ನೇ ಬಿಡುತ್ತೀರಿ. ಆಮೇಲೆ ಮೇಲೆ ಹೇಳಿದ ಒಂದು ಗಂಟೆಯ ಕಥೆ ಶುರುವಾಗುತ್ತೆ. ರೈಲ್ವೆ ಸ್ಟೇಷನ್, ಧನ್ವಂತರಿ ರಸ್ತೆ, ಗಾಂಧಿ ಚೌಕ, ಸಿಟಿ ಬಸ್ ಸ್ಟ್ಯಾಂಡ್, ಇವುಗಳ ನಡುವೆ ಎಲ್ಲಾದರೂ ಹಿಡಿಯಿರಿ. ಅಲ್ಲಿ ಸಾಧಾರಣ ಲಾಡ್ಜ್‌ಗಳು ಬೇಕಾದಷ್ಟಿವೆ. ಸರ್ಕಾರದ ಮಯೂರ ಹೊಯ್ಸಳವೂ ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯಲ್ಲಿ, ಸ್ಟೇಷನ್ನಿಗೆ ಹತ್ತಿರದಲ್ಲೇ ಇದೆ. ನಾನ್ ಎಸಿ, ಒಂದು ಎಕ್ಸ್‌ಟ್ರಾ ಹಾಸಿಗೆ ಸೇರಿ ದಿನಕ್ಕೆ 2,000 ಅಂತ ನನ್ನ ಲೆಕ್ಕ. ಅಕ್ಟೋಬರ್‌ನಲ್ಲಿ ಮೈಸೂರಿಗೆ ಎಸಿ ಬೇಕಾಗಿಲ್ಲ, ಸೊಳ್ಳೆ ಪರದೆ ಅಥವಾ ಕಾಯಿಲ್ ಬೇಕು.

ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಚೆಕ್‌ಔಟ್ 24 ಗಂಟೆಯದ್ದಾ ಅಥವಾ ಮಧ್ಯಾಹ್ನ 12ಕ್ಕಾ? ಬೆಳಗ್ಗೆ ಏಳಕ್ಕೆ ಬಂದು ಇಳಿದವರಿಗೆ 12ರ ಲೆಕ್ಕ ಅಂದರೆ ಐದು ಗಂಟೆ ಲಾಬಿಯಲ್ಲಿ ಕೂರಬೇಕು ಇಲ್ಲ ಒಂದು ದಿನದ ಬಾಡಿಗೆ ಜಾಸ್ತಿ ಕೊಡಬೇಕು. ನಗರದ ಹಳೆಯ ಲಾಡ್ಜ್‌ಗಳಲ್ಲಿ 24 ಗಂಟೆ ಪದ್ಧತಿ ಇನ್ನೂ ಇದೆ. ಎರಡನೇದು, ಲಿಫ್ಟ್ ಇದೆಯಾ, ಇಲ್ಲದಿದ್ದರೆ ನೆಲಮಹಡಿಯಲ್ಲಿ ಕೊಡುತ್ತೀರಾ? ಅತ್ತೆಗಾಗಿ. ಮೂರನೇದು, ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ? ಎಷ್ಟೋ ಕಡೆ ಬೆಳಗ್ಗೆ ಎರಡು ಮೂರು ಗಂಟೆ ಮಾತ್ರ ಬರುತ್ತೆ. ಭಾನುವಾರ ರಾತ್ರಿ ಹೊರಡುವುದರಿಂದ ಕೊನೆಯ ದಿನ ಅರ್ಧ ಬಾಡಿಗೆಗೆ ಸಂಜೆವರೆಗೂ ಇಟ್ಟುಕೊಳ್ಳಲು ಕೇಳಿ. ದಸರಾ ನೂಕು ಇಳಿದಿರುವುದರಿಂದ ಒಪ್ಪುತ್ತಾರೆ. ಒಟ್ಟು ರೂಮಿಗೆ 5,000.

ಶುಕ್ರವಾರ ಬೆಳಗ್ಗೆ ಏನೂ ಇಟ್ಟುಕೊಳ್ಳಬೇಡಿ. ಇದನ್ನು ಒಪ್ಪಿಸುವುದೇ ಕಷ್ಟ, ಗೊತ್ತು. ರೈಲಿನಲ್ಲಿ ಅರ್ಧ ನಿದ್ದೆ ಮಾಡಿದ ಮಕ್ಕಳು ಸ್ನಾನ ಮಾಡಿ, ತಿಂಡಿ ತಿಂದು ಇನ್ನೊಂದು ಸುತ್ತು ಮಲಗಲಿ. ಮಧ್ಯಾಹ್ನ ಊಟ ಮುಗಿಸಿ ಮೂರೂವರೆಗೆ ಅರಮನೆಗೆ ಹೋಗಿ. ವಾರದ ದಿನ, ಆ ಹೊತ್ತಿಗೆ ಸ್ಕೂಲ್ ಟೂರಿನ ಬಸ್ಸುಗಳು ಕಡಿಮೆಯಾಗಿರುತ್ತವೆ. ಸಂಜೆ ಐದೂವರೆಗೆ ಮುಚ್ಚುತ್ತಾರೆ, ನಿಮಗೆ ಒಂದೂವರೆ ಗಂಟೆ ಸಾಕು. ಚಪ್ಪಲಿ ಹೊರಗೇ ಬಿಡಬೇಕು, ಹಾಗಾಗಿ ಮಕ್ಕಳಿಗೆ ಲೇಸ್ ಇರುವ ಶೂ ಹಾಕಿಸಿ ಒದ್ದಾಡಬೇಡಿ.

ಒಳಗೆ ಗೈಡ್ ತೆಗೆದುಕೊಳ್ಳಬೇಡಿ. ಐದು ವರ್ಷದ ಮಗುವಿಗೆ ಒಡೆಯರ ವಂಶಾವಳಿ ಬೇಕಾಗಿಲ್ಲ. ಒಂದು ಕಥೆ ಹೇಳಿ ಸಾಕು: ಇಲ್ಲಿ ಮೊದಲು ಮರದ ಅರಮನೆ ಇತ್ತು, 1897ರಲ್ಲಿ ರಾಜಕುಮಾರಿಯ ಮದುವೆ ಸಂಭ್ರಮದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು, ಆಮೇಲೆ ಕಲ್ಲಿನದು ಕಟ್ಟಿದರು, 1912ಕ್ಕೆ ಮುಗಿಯಿತು. ಗೊಂಬೆ ತೊಟ್ಟಿಯಲ್ಲಿ ನಿಧಾನ ಮಾಡಿ, ಮಗಳು ಅಲ್ಲೇ ನಿಲ್ಲುತ್ತಾಳೆ. ಕಲ್ಯಾಣ ಮಂಟಪಕ್ಕೆ ಬಂದಾಗ ಅವಳಿಗೆ ಒಂದು ಕೆಲಸ ಕೊಡಿ: ನವಿಲು ಎಣಿಸು. ಮೇಲೆ ಬಣ್ಣದ ಗಾಜಿನಲ್ಲಿ ನವಿಲು, ಕೆಳಗೆ ನೆಲದ ಟೈಲ್ಸ್‌ನಲ್ಲೂ ನವಿಲು. ನನ್ನ ಮೊಮ್ಮಗಳು 31 ಅಂದಳು, ಅವಳ ಅಣ್ಣ 40 ಅಂದ. ಜಗಳ ರೂಮಿನವರೆಗೂ ಬಂತು. ಅಷ್ಟು ಹೊತ್ತು ಯಾರೂ 'ಎತ್ಕೋ' ಅನ್ನಲಿಲ್ಲ. ಮಗನನ್ನು ಮಾತ್ರ ಬೆನ್ನಿಗೆ ಕಟ್ಟುವ ಬಟ್ಟೆ ಇದ್ದರೆ ಕಟ್ಟಿಕೊಳ್ಳಿ, ಜನ ಒಂದೇ ದಿಕ್ಕಿನಲ್ಲಿ ಸಾಲಾಗಿ ಹೋಗುತ್ತಿರುತ್ತಾರೆ, ಕೆಳಗೆ ಬಿಟ್ಟರೆ ಕಾಲಿಗೆ ಸಿಕ್ಕಿಕೊಳ್ಳುತ್ತಾನೆ.

ಅರಮನೆಯಿಂದ ಹೊರಗೆ ಬಂದ ಕೂಡಲೇ ಟಾಂಗಾದವರು, ಆಟೋದವರು ಸುತ್ತಿಕೊಳ್ಳುತ್ತಾರೆ. ಟಾಂಗಾ ಸವಾರಿ ಮಕ್ಕಳಿಗೆ ಖುಷಿ, ಹತ್ತುವ ಮೊದಲು ದರ ಮತ್ತು ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಎರಡು ಸಲ ಕೇಳಿ. '50 ರೂಪಾಯಿಗೆ ಪೂರ್ತಿ ಸಿಟಿ ತೋರಿಸ್ತೀನಿ' ಅನ್ನುವ ಆಟೋ ಹತ್ತಬೇಡಿ. ಅದು ಸೀದಾ ಯಾವುದೋ ಸೀರೆ ಅಂಗಡಿಗೋ ಅಗರಬತ್ತಿ ಅಂಗಡಿಗೋ ಹೋಗಿ ನಿಲ್ಲುತ್ತೆ. ಅತ್ತೆ ಜೊತೆಗಿದ್ದಾರೆ ಅಂದ ಮೇಲೆ ಸೀರೆ ಅಂಗಡಿಯಿಂದ ಬರಿಗೈಲಿ ಹೊರಗೆ ಬರುವುದು ನಿಮಗೂ ಕಷ್ಟ.

ಶನಿವಾರ ಮೃಗಾಲಯ. ಈ ಪ್ರವಾಸದಲ್ಲಿ ಮಗಳು ದೊಡ್ಡವಳಾದ ಮೇಲೂ ನೆನಪಿಟ್ಟುಕೊಳ್ಳುವುದು ಇದನ್ನೇ ಇರಬೇಕು. 1892ರಲ್ಲಿ ಶುರುವಾದ ಜಾಗ, ಮರಗಳೆಲ್ಲ ಅಷ್ಟೇ ಹಳೆಯವು, ಹಾಗಾಗಿ ನೆರಳು ಚೆನ್ನಾಗಿದೆ. ಬೆಳಗ್ಗೆ ಎಂಟೂವರೆಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಪ್ರಾಣಿಗಳು ಚುರುಕಾಗಿರುವುದು ಆಗಲೇ. ಹನ್ನೊಂದಕ್ಕೆ ಜನ ತುಂಬಿಕೊಂಡಾಗ ನೀವು ಹೊರಗೆ ಬರುತ್ತಿರಬೇಕು. ನಿಮ್ಮ ದಿನ ಬದಲಾದರೂ ಮಂಗಳವಾರ ಮಾತ್ರ ಇಟ್ಟುಕೊಳ್ಳಬೇಡಿ, ಅವತ್ತು ಸಾಮಾನ್ಯವಾಗಿ ರಜೆ. ನಾನು ಆಫೀಸಿನಲ್ಲಿದ್ದಾಗ ಮಂಗಳವಾರ ಗೇಟಿನ ಎದುರು ಅಳುತ್ತಾ ನಿಂತ ಮಕ್ಕಳ ಫೋನು ಎಷ್ಟು ಬರುತ್ತಿತ್ತೋ!

ಒಳಗೆ ನಡೆಯುವ ದಾರಿ ಉದ್ದ ಇದೆ. ಪೂರ್ತಿ ಸುತ್ತಿದರೆ ಎರಡು ಮೂರು ಕಿಲೋಮೀಟರ್ ಆಗುತ್ತೆ. ಪೂರ್ತಿ ಸುತ್ತಲೇಬೇಕು ಅಂತ ಯಾರು ಹೇಳಿದ್ದು? ಹಿಂದಿನ ರಾತ್ರಿ ಮಗಳ ಹತ್ತಿರ ಐದು ಪ್ರಾಣಿಯ ಹೆಸರು ಬರೆಸಿ. ಆನೆ ಇದ್ದೇ ಇರುತ್ತೆ. ಜಿರಾಫೆ, ಹುಲಿ, ಘೇಂಡಾಮೃಗ, ಗೊರಿಲ್ಲಾ ಸೇರಿಸಿ. ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು, ಹೆಸರು ಥಾಬೊ, ಡೆಂಬಾ. ಹೆಸರಿದ್ದರೆ ಮಕ್ಕಳಿಗೆ ಅದು ತಮ್ಮ ಪರಿಚಯದ ಪ್ರಾಣಿ ಆಗಿಬಿಡುತ್ತೆ. ಆ ಐದು ನೋಡಿದ ಮೇಲೆ ಉಳಿದದ್ದು ದಾರಿಯಲ್ಲಿ ಸಿಕ್ಕರೆ ಸಿಗಲಿ. ಆನೆಯ ಹತ್ತಿರ ಮಗಳು ಅರ್ಧ ಗಂಟೆ ನಿಂತರೆ ನಿಲ್ಲಲಿ, 'ಬಾ, ಇನ್ನೂ ಹಾವು ನೋಡ್ಬೇಕು' ಅಂತ ಎಳೆಯಬೇಡಿ. ಅತ್ತೆಗೆ ಬ್ಯಾಟರಿ ಗಾಡಿ ಇದೆ, ಬೇರೆ ಟಿಕೆಟ್. ಅದಕ್ಕೆ ಖಂಡಿತ ದುಡ್ಡು ಕೊಡಿ. ಮಗನನ್ನೂ ಅವರ ತೊಡೆಯ ಮೇಲೆ ಕೂರಿಸಿ ಕಳಿಸಿದರೆ ಇಬ್ಬರೂ ಖುಷಿ. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲ, ಗೇಟಿನಲ್ಲಿ ಚೀಲ ನೋಡುತ್ತಾರೆ. ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಸಿಕೊಳ್ಳಿ, ತಿಂಡಿ ಹೊರಗೇ ಮುಗಿಸಿ.

ತಿಂಡಿ ಅಂದೆನಲ್ಲ, ಮೃಗಾಲಯಕ್ಕೆ ಹೋಗುವ ದಾರಿಯಲ್ಲಿ ನಜರ್‌ಬಾದ್‌ನಲ್ಲಿ ಮೈಲಾರಿ ದೋಸೆ ಸಿಗುತ್ತೆ. ಬೆಣ್ಣೆ ದೋಸೆಯ ಊರಿನವರಿಗೆ ಇದನ್ನು ಹೇಳಲು ಧೈರ್ಯ ಬೇಕು! ನಿಮ್ಮದು ಗರಿಗರಿ, ಇದು ಹತ್ತಿಯ ಹಾಗೆ ಮೆತ್ತಗೆ, ಮೇಲೊಂದು ಬೆಣ್ಣೆ ಮುದ್ದೆ. ಹಲ್ಲು ಪೂರ್ತಿ ಬಾರದ ಮಕ್ಕಳಿಗೂ ಆಗುತ್ತೆ. ಯಾವುದು ಚೆನ್ನ ಅನ್ನುವ ಚರ್ಚೆಗೆ ನಾನು ಬರುವುದಿಲ್ಲ.

ಮೃಗಾಲಯದ ಪಕ್ಕದಲ್ಲೇ ಕಾರಂಜಿ ಕೆರೆ. ಒಳಗೆ ನಡೆದು ಹೋಗುವಷ್ಟು ದೊಡ್ಡ ಪಕ್ಷಿಗಳ ಬಲೆಮನೆ, ಚಿಟ್ಟೆ ಉದ್ಯಾನ, ದೋಣಿ, ಎಲ್ಲ ಚೆನ್ನಾಗಿದೆ. ಎರಡಕ್ಕೂ ಸೇರಿಸಿ ಟಿಕೆಟ್ ಸಿಗುತ್ತೆ, ಅದೇ ತೊಂದರೆ. 'ಹೇಗೂ ಕೊಟ್ಟಿದ್ದೇವಲ್ಲ' ಅಂತ ಮಕ್ಕಳನ್ನು ಹನ್ನೆರಡು ಗಂಟೆ ಬಿಸಿಲಲ್ಲಿ ಎಳೆದುಕೊಂಡು ಹೋಗುತ್ತಾರೆ. ನಿಮ್ಮ ಮಗನ ವಯಸ್ಸಿಗೆ ಒಂದು ಬೆಳಗ್ಗೆಗೆ ಒಂದೇ ಸಾಕು, ಬರೀ ಮೃಗಾಲಯದ ಟಿಕೆಟ್ ತೆಗೆದುಕೊಳ್ಳಿ.

ಊಟ, ನಿದ್ದೆ. ಸಂಜೆ ನಾಲ್ಕೂವರೆಗೆ ದೇವರಾಜ ಮಾರುಕಟ್ಟೆ. ನೋಡಲು ದುಡ್ಡಿಲ್ಲ, ಮಕ್ಕಳಿಗೆ ಮ್ಯೂಸಿಯಂಗಿಂತ ಇಷ್ಟ ಆಗುತ್ತೆ. ಗುಡ್ಡೆ ಗುಡ್ಡೆಯಾಗಿ ಸುರಿದ ಬಣ್ಣದ ಕುಂಕುಮ, ಮಾರುದ್ದ ಕಟ್ಟಿಟ್ಟ ಮಲ್ಲಿಗೆ, ಗೊನೆಗೊನೆ ಬಾಳೆಹಣ್ಣು. ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ, ಮಗನಿಗೆ ಅದೇ ರಾತ್ರಿ ಊಟ. ಮಗಳ ಕೈಗೆ 20 ರೂಪಾಯಿ ಕೊಟ್ಟು ಅವಳೇ ಹೂವು ಕೊಳ್ಳಲಿ. 'ಎಷ್ಟು ಮೊಳ ಬೇಕು ಪುಟ್ಟಿ?' ಅಂತ ಹೂವಿನವರು ಕೇಳಿದಾಗ ಅವಳು ನಿಮ್ಮ ಮುಖ ನೋಡುತ್ತಾಳೆ. ಆಗ ಉತ್ತರ ಹೇಳಿಕೊಡಬೇಡಿ. ಮನೆಗೆ ಮೈಸೂರು ಪಾಕ್ ಒಯ್ಯುವುದಾದರೆ ಮಾರುಕಟ್ಟೆಯ ಮಗ್ಗುಲಲ್ಲೇ ಸಿಗುತ್ತೆ. ಕಾಲು ಕಿಲೋ ಸಾಕು, ತುಪ್ಪ ಜಾಸ್ತಿ, ಮಕ್ಕಳ ಹೊಟ್ಟೆ ಪ್ರಯಾಣದಲ್ಲಿ ತಡೆಯುವುದಿಲ್ಲ.

ಅದೇ ಸಂಜೆ ದೊಡ್ಡಕೆರೆ ಮೈದಾನದ ಎಕ್ಸಿಬಿಷನ್ನಿಗೆ ಹೋಗೋಣ ಅಂತ ಯಾರಾದರೂ ಅಂದರೆ ಸ್ವಲ್ಪ ಯೋಚಿಸಿ. ದಸರಾ ಮುಗಿದ ಮೇಲೂ ಅದು ವಾರಗಟ್ಟಲೆ ನಡೆಯುತ್ತೆ. ಪ್ರವೇಶ ಟಿಕೆಟ್ ಅಗ್ಗ. ಒಳಗೆ ಹೋದ ಮೇಲೆ ಒಂದೊಂದು ಆಟಕ್ಕೂ ಬೇರೆ ದುಡ್ಡು, ಇಬ್ಬರು ಮಕ್ಕಳು. ಹೋಗಲೇಬೇಕು ಅಂದರೆ ಒಳಗೆ ಕಾಲಿಡುವ ಮೊದಲೇ ಮಗಳಿಗೆ ಹೇಳಿಬಿಡಿ: ಎರಡು ಆಟ, ಒಂದು ಡೆಲ್ಲಿ ಹಪ್ಪಳ, ಮುಗೀತು. ಮುಖದಷ್ಟು ಅಗಲದ ಆ ಹಪ್ಪಳ ಹಿಡಿದುಕೊಂಡು ತಿರುಗುವುದೇ ಒಂದು ಆಟ.

ಭಾನುವಾರ ಅತ್ತೆಯ ದಿನ. ಶುಕ್ರವಾರ ಅಮ್ಮನವರ ವಾರ, ಬೆಟ್ಟದಲ್ಲಿ ಸಾಲು ಜಾಸ್ತಿ, ಅದಕ್ಕೇ ಅವತ್ತು ಇಡಲಿಲ್ಲ. ಭಾನುವಾರವೂ ಜನ ಇರುತ್ತಾರೆ, ಆದರೆ ಮೊದಲ ದರ್ಶನದ ಹೊತ್ತಿಗೆ ಮೇಲಿದ್ದರೆ ಬೇಗ ಆಗುತ್ತೆ. ಸಿಟಿ ಬಸ್ ಸ್ಟ್ಯಾಂಡಿನಿಂದ 201 ನಂಬರ್ ಬಸ್ಸು ಸೀದಾ ಬೆಟ್ಟಕ್ಕೆ ಹೋಗುತ್ತೆ. ಸಾಮಾನ್ಯ ಬಸ್ಸು ಹತ್ತಿ, ಎಸಿ ಬಸ್ಸಿಗೆ ಶಕ್ತಿ ಇಲ್ಲ. ಮೆಟ್ಟಿಲು ಸಾವಿರಕ್ಕೂ ಜಾಸ್ತಿ ಇವೆ, ಈ ಸಲ ಅದರ ಸುದ್ದಿಗೇ ಹೋಗಬೇಡಿ. ಮೇಲೆ ಮಹಿಷಾಸುರನ ಬಣ್ಣದ ಮೂರ್ತಿ ನೋಡಿ ಮಗ ಹೆದರಬಹುದು, ಮಗಳು ಮೀಸೆ ನೋಡಿ ನಗಬಹುದು, ಎರಡೂ ಆಗುತ್ತೆ. ಕೋತಿಗಳ ಬಗ್ಗೆ ಎಚ್ಚರ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಅವಕ್ಕೆ ಅದು ತಿಂಡಿಯೇ. ಪ್ರಸಾದ, ಬಾಳೆಹಣ್ಣು ಎಲ್ಲ ಬಟ್ಟೆ ಚೀಲದೊಳಗೆ ಹಾಕಿ ಕಂಕುಳಲ್ಲಿ ಹಿಡಿಯಿರಿ. ಮಗುವಿನ ಕೈಗೆ ಬಿಸ್ಕತ್ತು ಕೊಡಲೇಬೇಡಿ. ಹತ್ತು ಗಂಟೆಗೆ ವಾಪಸ್ ಬಂದು ತಿಂಡಿ ತಿನ್ನಿ.

ನಾಲ್ಕು ಗಂಟೆಗೆ ರೈಲ್ವೆ ಮ್ಯೂಸಿಯಂ. ಸ್ಟೇಷನ್ ಹತ್ತಿರ ಕೆಆರ್‌ಎಸ್ ರಸ್ತೆಯಲ್ಲಿದೆ, 1979ರಲ್ಲಿ ಶುರುವಾದದ್ದು. ಮೈಸೂರಿಗೆ ಬಂದವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ, ನಿಮ್ಮ ಯಜಮಾನರ ಪಟ್ಟಿಯಲ್ಲೂ ಬಹುಶಃ ಇರಲಿಕ್ಕಿಲ್ಲ. ಎರಡು ವರ್ಷದ ಗಂಡು ಮಗುವಿಗೆ ಹಳೆಯ ಉಗಿ ಇಂಜಿನ್ ಮುಂದೆ ನಿಲ್ಲುವುದಕ್ಕಿಂತ ದೊಡ್ಡದು ಏನೂ ಇಲ್ಲ. ಅವನ ಎತ್ತರಕ್ಕೆ ಚಕ್ರವೇ ದೊಡ್ಡದು. ಮಹಾರಾಣಿಯವರು ಓಡಾಡುತ್ತಿದ್ದ ಸಲೂನ್ ಬೋಗಿ ಇದೆ, ಅತ್ತೆಗೆ ಅದು. ಪುಟಾಣಿ ರೈಲು ಒಂದು ಸುತ್ತು ಹಾಕಿಸುತ್ತೆ. ಸುತ್ತ ಬಯಲು, ಮಕ್ಕಳನ್ನು ಬಿಟ್ಟು ನೀವಿಬ್ಬರು ಹದಿನೈದು ನಿಮಿಷ ಕೂರಬಹುದು. ಮೂರು ದಿನದಲ್ಲಿ ನೀವು ಮೊದಲ ಸಲ ಕೂರುವುದು ಅಲ್ಲೇ ಇರಬೇಕು.

ಭಾನುವಾರವೇ ಯಾಕೆ ಕೊನೆಯ ದಿನ ಇಟ್ಟೆ ಅಂದರೆ, ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ಅರಮನೆಗೆ ದೀಪ ಹಾಕುತ್ತಾರೆ. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಆರೂಮುಕ್ಕಾಲಿಗೆ ಹೋಗಿ ನಿಂತುಕೊಳ್ಳಿ. ಕತ್ತಲಾಗುತ್ತಾ ಅರಮನೆ ಬರೀ ಕಪ್ಪು ನೆರಳಾಗಿ ಕಾಣುತ್ತಿರುತ್ತೆ, ಇದ್ದಕ್ಕಿದ್ದ ಹಾಗೆ ಎಲ್ಲ ಒಟ್ಟಿಗೆ ಹತ್ತಿಕೊಳ್ಳುತ್ತೆ, ಇಡೀ ಜನ 'ಹೋ' ಅನ್ನುತ್ತಾರೆ. ನಾನು ನೂರಾರು ಸಲ ನೋಡಿದ್ದೇನೆ, ಈಗಲೂ ಆ ಒಂದು ಕ್ಷಣಕ್ಕೆ ಫೋನು ತೆಗೆಯುವುದಿಲ್ಲ.

ಪಟ್ಟಿಯಲ್ಲಿ ಉಳಿದವುಗಳ ಕಥೆ ಬೇಗ ಹೇಳಿಬಿಡುತ್ತೇನೆ. ಊಟಿ ಒಂದು ಕಡೆಗೇ 120 ಕಿಲೋಮೀಟರ್ ಮೇಲೆ, ಮಸಿನಗುಡಿ ದಾರಿಯಲ್ಲಿ 36 ಹೇರ್‌ಪಿನ್ ತಿರುವು. ವಾಂತಿ ಕವರ್ ಎಷ್ಟು ಇಟ್ಟುಕೊಂಡರೂ ಸಾಲದು. ಸೇಂಟ್ ಫಿಲೋಮಿನಾ ಚರ್ಚು ಬಸ್ಸಿನಿಂದ ಕಂಡರೆ ಸಾಕು. ಜಗನ್ಮೋಹನ ಅರಮನೆಯ ಚಿತ್ರಗಳನ್ನು ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ತೋರಿಸಿ. ರಂಗನತಿಟ್ಟಿನ ದೋಣಿ ಬಹಳ ಚೆನ್ನಾಗಿದೆ, ನಾಲ್ಕನೇ ದಿನ ಇದ್ದಿದ್ದರೆ ಖಂಡಿತ ಹೇಳುತ್ತಿದ್ದೆ.

ಕೆಆರ್‌ಎಸ್ ಬೃಂದಾವನದ ಬಗ್ಗೆ ಎಲ್ಲರೂ ಕೇಳುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ನನ್ನ ಮಗನಿಗೆ ಮೂರು ವರ್ಷ ಇದ್ದಾಗ ಊರಿಂದ ಬಂದ ನೆಂಟರ ಜೊತೆ ಒಂದು ದಿನದ ಟೂರ್ ಬಸ್ಸಿನಲ್ಲಿ ಹೋಗಿದ್ದೆವು. ದಿನಕ್ಕೆ ಏಳು ಜಾಗ, ಕೊನೆಯದು ಕೆಆರ್‌ಎಸ್. ಹಿಂದಿನ ಜಾಗಗಳಲ್ಲೆಲ್ಲ ತಡವಾಗಿ, ಗೇಟು ತಲುಪಿದಾಗ ಸಂಗೀತ ಕಾರಂಜಿ ಶುರುವಾಗಿತ್ತು. ಅದು ಇರುವುದು ಉದ್ಯಾನದ ಆ ತುದಿಯಲ್ಲಿ. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದೆ. ಹತ್ತಿರ ಹೋದಾಗ ಕೊನೆಯ ಹಾಡು, ಮಗ ನಿದ್ದೆ. ಬಸ್ಸಿಗೆ ವಾಪಸ್ ಬರುವುದು ಎರಡು ನಿಮಿಷ ತಡವಾಗಿದ್ದಕ್ಕೆ ಡ್ರೈವರ್ ಹತ್ತಿರ ಬೈಸಿಕೊಂಡೆವು. ಟ್ರಾವೆಲ್ಸ್‌ನಲ್ಲಿ ಕೆಲಸ ಮಾಡುವವಳಿಗೇ ಹೀಗಾಯಿತು. ಆಮೇಲೆ ಸಣ್ಣ ಮಕ್ಕಳಿರುವವರಿಗೆ ಆ ಟೂರಿನ ಟಿಕೆಟ್ ನಾನು ಬರೆದು ಕೊಡಲೇ ಇಲ್ಲ, ಕಮಿಷನ್ ಹೋದರೆ ಹೋಗಲಿ ಅಂತ.

ಲೆಕ್ಕ ಹೀಗಾಯಿತು. ರೈಲಿಗೆ 1,900, ರೂಮಿಗೆ 5,000, ಊಟ ತಿಂಡಿಗೆ ದಿನಕ್ಕೆ 1,500ರಂತೆ 4,500, ಟಿಕೆಟ್‌ಗಳಿಗೆ 1,800, ಆಟೋ ಮತ್ತು ಬಸ್ಸಿಗೆ 900. ಒಟ್ಟು 14,100. ಉಳಿದ 900 ಬೇರೆ ಪರ್ಸಿನಲ್ಲಿಡಿ. ಇವೆಲ್ಲ ನನ್ನ ಅಂದಾಜು, ನೂರಿನ್ನೂರು ಆಚೀಚೆ ಆಗುತ್ತೆ. ಊಟದ ಲೆಕ್ಕ ಹೊಂದಬೇಕಾದರೆ ಸಂಜೆಯ ತಿನಿಸನ್ನು ಮನೆಯಿಂದ ತನ್ನಿ. ಅವಲಕ್ಕಿ, ಚಕ್ಕುಲಿ, ಹುರಿದ ಮಂಡಕ್ಕಿ, ಇವೆಲ್ಲ ನಿಮ್ಮ ಕಡೆಯವೇ ಚೆನ್ನ. ಮಗನಿಗೆ ರಾಗಿ ಪುಡಿ ಡಬ್ಬಿಯಲ್ಲಿರಲಿ, ಯಾವ ಹೋಟೆಲಿನಲ್ಲೂ ಬಿಸಿನೀರು ಕೇಳಿದರೆ ಕೊಡುತ್ತಾರೆ. ಮಧ್ಯಾಹ್ನದ ಒಂದು ಊಟವನ್ನು ಮಾತ್ರ ಚೆನ್ನಾಗಿ, ಕೂತು ಮಾಡಿ. ಓಆರ್‌ಎಸ್ ಪೊಟ್ಟಣ, ನಿಮ್ಮ ಡಾಕ್ಟರ್ ಹೇಳಿದ ಜ್ವರದ ಔಷಧಿ ಚೀಲದಲ್ಲಿರಲಿ. ಅದಕ್ಕೂ ಮೀರಿದ್ದು ಏನಾದರೂ ಆದರೆ ಹೆಂಗಸರು ಮಕ್ಕಳಿಗಾಗಿಯೇ ಇರುವ ಸರ್ಕಾರದ ಚೆಲುವಾಂಬ ಆಸ್ಪತ್ರೆ ನಗರದ ಮಧ್ಯದಲ್ಲೇ ಇದೆ.

ಇನ್ನೊಂದು ಮರೆತಿದ್ದೆ. ಭಾನುವಾರ ರಾತ್ರಿ ದೀಪ ನೋಡಿ, ಇಡ್ಲಿ ತಿನ್ನಿಸಿ, ಲಗೇಜ್ ತೆಗೆದುಕೊಂಡು ಸ್ಟೇಷನ್ನಿಗೆ ಬಂದಾಗ ಮಗ ನಿಮ್ಮ ಹೆಗಲ ಮೇಲೆ ಮಲಗಿರುತ್ತಾನೆ. ರೈಲಿನ ಶೌಚಾಲಯದಲ್ಲಿ ಡೈಪರ್ ಬದಲಿಸಲು ಹೋಗಬೇಡಿ, ವೇಟಿಂಗ್ ರೂಮಿನಲ್ಲೇ ಮುಗಿಸಿ. ಮತ್ತೆ ನಿಮ್ಮೂರು ಬರುವುದು ಬೆಳಗಾಗುವ ಮುಂಚೆ, ಎರಡು ಫೋನಿನಲ್ಲೂ ಅಲಾರಂ ಇಟ್ಟುಕೊಳ್ಳಿ.